ಶುಕ್ರವಾರ ಅಂಗಳದಲ್ಲೇ ಇರು, ಆಮಾ

ನನ್ನ ಆಮಾ,

ಅಕ್ಷರಗಳನ್ನು ದಪ್ಪದಪ್ಪವಾಗಿ, ಬಿಡಿಬಿಡಿಯಾಗಿ ಬರೆಯುತ್ತಿದ್ದೇನೆ. ರಾತ್ರಿಶಾಲೆಯಲ್ಲಿ ಕಲಿತದ್ದು ಇನ್ನೂ ಮರೆತಿಲ್ಲವೆಂದು ಎಲ್ಲರೆದುರು ಹೇಳಿಕೊಳ್ಳುತ್ತೀಯಲ್ಲ, ಹಾಗಾದರೆ ಇದನ್ನು ಯಾರ ಕೈಗೂ ಕೊಡದೆ ನೀನೇ ಓದು. ಒಂದೇ ಸಲಕ್ಕೆ ಆಗದಿದ್ದರೆ ಎರಡು ದಿನ ಓದು. ಆದರೆ ಶುಕ್ರವಾರದೊಳಗೆ ಮುಗಿಸು. ಯಾಕೆಂದು ಕೊನೆಯಲ್ಲಿ ಹೇಳುತ್ತೇನೆ. ಈಗಲೇ ಕೊನೆಯ ಹಾಳೆ ತಿರುವಬೇಡ.

ಫೋನ್ ಮಾಡಬಹುದಿತ್ತು. ಮಾಡಿದರೆ ನೀನು ಏನು ಹೇಳುತ್ತೀ ಎಂದು ನನಗೆ ಬಾಯಿಪಾಠವಾಗಿದೆ. "ಕೂಸು ಹಾಲು ಕುಡೀತಾ? ನೀನು ಓಮದ ಸಾರು ಕುಡಿದೆಯಾ? ಸರಿ ಇಡು." ನಿನ್ನ ಒಲೆಯ ಮಾತೆತ್ತಿದರೆ ಸಾಕು, ದನಿ ಏರುತ್ತದೆ. "ನಂಗೇನೇ ಕಮ್ಮಿ? ಗ್ಯಾಸ್ ಇದೆ. ಮಹಾರಾಣಿ ಹಂಗೆ ಅದರ ಕಿವಿ ತಿರುವಿ ಅಡುಗೆ ಮಾಡ್ತೀನಿ. ರಾತೋ ಭೀರ್ ಕಡೆ ತಲೆ ಹಾಕಿ ಎಷ್ಟು ಕಾಲ ಆಯ್ತೋ!"

ಸುಳ್ಳು, ಆಮಾ. ನೀನು ದಿನವೂ ಹೋಗುತ್ತೀ. ನನಗೆ ಇಲ್ಲಿಂದ ಕಾಣುತ್ತದೆ.

ಈ ಮನೆಗೆ ಸೊಸೆಯಾಗಿ ಬಂದ ಮೊದಲ ಬೆಳಿಗ್ಗೆ ಅಂಗಳಕ್ಕೆ ನೀರು ಚಿಮುಕಿಸಿ ತಲೆಯೆತ್ತಿದರೆ, ನದಿಯಾಚೆ ಎದುರಿಗೇ ರಾತೋ ಭೀರ್. ಅದರ ಕೆಂಪು ಪ್ರಪಾತದ ಎದೆಗೆ ಅಡ್ಡಲಾಗಿ, ಯಾರೋ ದಾರ ಎಳೆದ ಹಾಗೆ ಆ ಕಾಲುದಾರಿ. ದಾರದ ಮೇಲೆ ಒಂದು ಕೆಂಪು ಚುಕ್ಕೆ. ನಿನ್ನ ಶಾಲು. ಹೋಗುವಾಗ ಸಣ್ಣ ಚುಕ್ಕೆ. ಬಿಸಿಲು ಇಳಿದಮೇಲೆ ಬರುವಾಗ ಬೆನ್ನಿಗೆ ಡೋಕೋ ಬುಟ್ಟಿ ತುಂಬ ಕಟ್ಟಿಗೆ, ದೊಡ್ಡ ಚುಕ್ಕೆ. ಅಂದಿನಿಂದ ನಾನು ಕಸ ಗುಡಿಸುವುದು, ಬಟ್ಟೆ ಹರವುವುದು, ಕೂಸನ್ನು ಬಿಸಿಲಿಗೆ ಮಲಗಿಸಿ ಎಣ್ಣೆ ತಿಕ್ಕುವುದು, ಎಲ್ಲವೂ ಆ ಕಡೆ ಮುಖ ಮಾಡಿಯೇ. ದೊಡ್ಡ ಚುಕ್ಕೆ ಪ್ರಪಾತ ದಾಟಿ ಅಕ್ರೋಟ್ ಮರದ ಹಿಂದೆ ಮರೆಯಾದ ಮೇಲೆಯೇ ನನ್ನ ಗಂಟಲಿನಲ್ಲಿ ಅನ್ನ ಇಳಿಯುವುದು. ಇದನ್ನು ಯಾರಿಗೂ ಹೇಳಿರಲಿಲ್ಲ. ನಿನ್ನ ಅಳಿಯನಿಗೂ ಇಲ್ಲ. ಹೇಳಿದ್ದರೆ ಪೇಟೆಯಿಂದ ತಾವು ಓಡಿಸುವ ಜೀಪಿನಲ್ಲಿ ಇನ್ನೊಂದು ಸಿಲಿಂಡರು ಹೇರಿಕೊಂಡು ಬಂದು ನಿನ್ನ ಬಾಗಿಲಲ್ಲಿ ಇಳಿಸಿ ಎಲ್ಲ ಸರಿಹೋಯಿತೆಂದು ಶಿಳ್ಳೆ ಹಾಕುತ್ತಿದ್ದರು. ಗ್ಯಾಸಿನಲ್ಲಿ ಚಹಾ ಆಗುತ್ತದೆ. ಎಮ್ಮೆಗೆ ಗಂಜಿ ಬೇಯುವುದಿಲ್ಲ, ಮಾಘದ ಚಳಿಯಲ್ಲಿ ಮುದುಕಿಯ ಮೊಣಕಾಲು ಕಾಯುವುದಿಲ್ಲ.

ಭೂಕಂಪದ ಮರುವರ್ಷ ನಾನು ಒಂಬತ್ತನೇ ತರಗತಿ. ಒಂದು ಸಂಜೆ ನಮ್ಮ ಮನೆಯ ಅಂಗಳದ ಕಟ್ಟೆಯ ಮೇಲೆ ಕೂತು, ಕಟ್ಟಿಗೆಗೆ ಹೋದವರು ಒಬ್ಬೊಬ್ಬರಾಗಿ ಇಳಿದು ಬರುವುದನ್ನು ನೋಡುತ್ತಿದ್ದೆ. ಎಲ್ಲರ ಡೋಕೋ ಬಂದವು. ನಿನ್ನದು ಬರಲಿಲ್ಲ. ಕತ್ತಲಾಗುವ ಹೊತ್ತಿಗೆ ಬಂತು. ಬೇರೆಯವರ ಬೆನ್ನ ಮೇಲೆ ಬಂತು. ಅದರಲ್ಲಿ ಕಟ್ಟಿಗೆ ಇರಲಿಲ್ಲ, ಕಾಲು ಮುರಿದ ನೀನಿದ್ದೆ. ಅಷ್ಟು ಎತ್ತರದ ನನ್ನ ಆಮಾ ಒಂದು ಬುಟ್ಟಿಯೊಳಗೆ ಹಿಡಿಸಿದಳಲ್ಲ ಎಂದು ನನಗೆ ಮೊದಲು ಅನ್ನಿಸಿದ್ದು ಅಷ್ಟೇ. ನೀನು ನನ್ನನ್ನು ನೋಡಿ, "ಅಳ್ಬೇಡ, ನಾಮ್ಲೋ ತುಂಡಾಯ್ತು ಅಷ್ಟೇ" ಎಂದೆ. ಹಣೆಗೆ ಕಟ್ಟುವ ಪಟ್ಟಿ ಹರಿದದ್ದೇ ತಪ್ಪು, ದಾರಿ ಜಾರಿದ್ದಲ್ಲ ಎನ್ನುವ ಹಾಗೆ. ಕಾಲು ಕೂಡಿದ ಮೇಲೆ ಹೊಸ ನಾಮ್ಲೋ ಹೆಣೆದುಕೊಂಡು ಮತ್ತೆ ಅದೇ ದಾರಿಗೆ ಹೋದೆ.

ಈಗ ಹೇಳುತ್ತೇನೆ ನಾನು ತವರಿಗೆ ಯಾಕೆ ಬರಲಿಲ್ಲ ಎಂದು. ಎಲ್ಲರ ಮನೆಯ ಬಾಣಂತಿಯರೂ ನಾಮಕರಣ ಮುಗಿಯುತ್ತಲೇ ತವರಿಗೆ ಹೋದರು, ನಿನ್ನ ಮಗಳು ಮಾತ್ರ ನೆಪ ಹೇಳುತ್ತಾ ಉಳಿದಳು. ಕೂಸಿಗೆ ನೆಗಡಿ ಎಂದೆ. ಜೀಪು ಪೇಟೆಯಿಂದ ಬರಲಿಲ್ಲ ಎಂದೆ. "ಕಾಲೇಜು ಓದಿದವಳಿಗೆ ನಮ್ಮ ಹೊಗೆ ಮನೆ ಹಿಡಿಸೊಲ್ಲವೇನೋ" ಎಂದು ನೀನು ಬಳೆಗಾರ್ತಿಯ ಹತ್ತಿರ ಅಂದದ್ದು ನನಗೆ ಮುಟ್ಟಿತು. ನೆನಪಿದೆಯಾ, ನಾಮಕರಣಕ್ಕೆ ನೀನು ಡೋಕೋದಲ್ಲಿ ತುಪ್ಪ, ಓಮ, ಹುಂಜ ಹೊತ್ತು ತಂದೆ. ಅವನ್ನೆಲ್ಲ ಎತ್ತಿಟ್ಟ ಮೇಲೆ ತಳದಲ್ಲಿ ಕಟ್ಟಿಗೆ! ಒಣಗಿದ, ಸಮನಾಗಿ ಸೀಳಿದ ಕಟ್ಟಿಗೆ. "ಮಗಳ ಬೆನ್ನಿಗೆ ಬಿಸಿ ಬೇಕಲ್ಲ" ಎಂದು ಅತ್ತೆಯ ಮುಂದೆ ಇಟ್ಟೆ. ಮಗಳ ಮನೆಯ ಅನ್ನ ಮುಟ್ಟಬಾರದೆಂದು ಉಣ್ಣದೆಯೇ ಸೇತುವೆ ದಾಟಿ ಹೋದೆ. ನನಗೆ ಅದೇ ದಿನ ಗೊತ್ತಾಯಿತು: ನಾನು ನಿನ್ನ ಮನೆಗೆ ಬಂದರೆ ನೀನು ದಿನಕ್ಕೆ ಎರಡು ಸಲ ಆ ಪ್ರಪಾತ ಹತ್ತುತ್ತೀ, ಒಂದು ಹೊರೆ ನಿನಗೆ, ಒಂದು ನನಗೆ. ಹಾಗಾಗಿ ಬರಲಿಲ್ಲ, ಆಮಾ. ಹೊಗೆಗೆ ಹೆದರಿ ಅಲ್ಲ.

ಕೂಸು ಹುಟ್ಟಿದ ಮೇಲಂತೂ ನಿದ್ದೆ ನನ್ನನ್ನು ಬಿಟ್ಟೇಹೋಗಿದೆ. ಅವಳು ಮಲಗಿದರೆ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತೇನೆ. ಉಸಿರು ಇದೆ ಎಂದು ಗೊತ್ತಾದ ಮೇಲೆ ನಿನ್ನ ನೆನಪು ಬರುತ್ತದೆ. ಇಬ್ಬನಿ ಬಿದ್ದರೆ ದಾರಿ ಜಾರುತ್ತದಲ್ಲ, ನಾಳೆ ಹೋಗದಿದ್ದರೆ ಸಾಕು, ಎಂದು ಮಲಗಿದಲ್ಲೇ ನಿನ್ನ ಹೆಜ್ಜೆ ಹಾಕುತ್ತೇನೆ.

ಇಂಥ ಹೊತ್ತಿನಲ್ಲೇ ನಮ್ಮ ಮನೆಯಲ್ಲಿ ಕೋಲಿನ ಪ್ರಸಂಗ ನಡೆದದ್ದು.

ನಮ್ಮೂರ ಉತ್ತಿಸ್ ಮರದ ಕಾಡು ನಿನಗೆ ಗೊತ್ತು. ಭೂಕಂಪದಲ್ಲಿ ಊರ ಕೆಳಗಿನ ಗುಡ್ಡ ಜಾರಿ ಬೋಳು ಗಾಯವಾಯಿತಲ್ಲ, ಅದರ ಮೇಲೆ ಇಲ್ಲಿನ ಹೆಂಗಸರು ಸಸಿ ನೆಟ್ಟರು. ನಿಮ್ಮ ಕಡೆಯ ಗಂಡಸರು ಆ ವರ್ಷ ಜಾಗ ಯಾರದೆಂದು ಜಗಳ ಕಾಯ್ದರು; ಇವರು ಜಗಳ ಆಮೇಲೆ ಕಾಯೋಣವೆಂದು ಮೊದಲು ಗುಂಡಿ ತೋಡಿದರಂತೆ. ಅತ್ತೆ ಬೆನ್ನ ಮೇಲೆ ಸಸಿ ಹೊತ್ತವರಲ್ಲಿ ಮೊದಲಿಗರು. ಆ ಕಾಡಿಗೆ ಸಂಬಳದ ಕಾವಲುಗಾರ ಇಲ್ಲ. ಒಂದು ಕೋಲು ಇದೆ, ಬುಡಕ್ಕೆ ಕಬ್ಬಿಣದ ಬಳೆ ಹಾಕಿದ್ದು. ಸಂಜೆ ಆ ಕೋಲು ಯಾರ ಬಾಗಿಲಿಗೆ ಒರಗಿರುತ್ತದೋ, ಮರುದಿನ ಆ ಮನೆಯವರು ಕಾಡು ಕಾಯಬೇಕು. ಕಾದು, ಸಂಜೆ ಪಕ್ಕದ ಮನೆಯ ಬಾಗಿಲಿಗೆ ಒರಗಿಸಿ ಬರಬೇಕು. ಕರೆಯುವುದಿಲ್ಲ, ಹೇಳುವುದಿಲ್ಲ. ಕೋಲು ಬಂತೆಂದರೆ ಪಾಳಿ ಬಂತು. ಕೋಲನ್ನು ಕಳೆದುಕೊಂಡ ಮನೆಗೆ ಆ ವರ್ಷದ ಕಟ್ಟಿಗೆಯ ಪಾಲು ಇಲ್ಲ. ಈ ಕಟ್ಟಳೆ ಮಾಡಿಸಿದ್ದು ಬೇರೆ ಯಾರೂ ಅಲ್ಲ, ನನ್ನ ಅತ್ತೆಯೇ.

ಇಷ್ಟು ವರ್ಷ ಆ ಕಾಡಿನಿಂದ ಒಣಗಿ ಬಿದ್ದ ಕಡ್ಡಿ ಬಿಟ್ಟು ಏನನ್ನೂ ತಂದಿರಲಿಲ್ಲ. ಈ ಮಾಘದಲ್ಲಿ ಮೊದಲ ಸಲ ಕೊಂಬೆ ಸವರಿ, ಒತ್ತಾಗಿ ಬೆಳೆದ ಮರಗಳನ್ನು ತೆಗೆದು, ಮನೆಮನೆಗೆ ಹೊರೆ ಹಂಚುವುದೆಂದು ನಿಶ್ಚಯವಾಗಿತ್ತು. ಅದಕ್ಕೆ ಮೂರು ದಿನ ಇರುವಾಗ ಕೋಲು ನಮ್ಮ ಬಾಗಿಲಿಗೆ ಬಂತು.

ಬೆಳಿಗ್ಗೆ ಏಳುವಾಗ ಅಂಗಳದಲ್ಲಿ ಹಿಮದ ಹುಡಿ. ಹೊರಗಿನ ಕಟ್ಟಿಗೆ ರಾಶಿಯೆಲ್ಲ ಒದ್ದೆ. ಅಡುಗೆಮನೆಗೆ ಬಂದರೆ ಕೂಸಿನ ಸ್ನಾನದ ನೀರು ಕಾದು ಕುದಿಯುತ್ತಿದೆ, ಅತ್ತೆ ಇಲ್ಲ. ಮೂಲೆಯಲ್ಲಿ ಕೋಲೂ ಇಲ್ಲ. ಪಾಳಿಗೆ ಬೇಗ ಹೋದರೆಂದುಕೊಂಡು ಒಲೆ ಕೆದಕಿದೆ. ಬೂದಿಯೊಳಗಿನಿಂದ ಕಬ್ಬಿಣದ ಬಳೆ ಹೊರಳಿ ಬಂತು.

ಏನಾಗಿರಬೇಕೆಂದು ಕಣ್ಣೆದುರೇ ಕಂಡಿತು. ಕೋಲಿಗೆ ಹಿಮ ಬೀಳಬಾರದೆಂದು ಅತ್ತೆ ರಾತ್ರಿ ಅದನ್ನು ಒಳಗೆ ತಂದಿಟ್ಟಿದ್ದರು. ಕರೆಂಟ್ ಇಲ್ಲದ ಮುಂಜಾವದ ಹೊಗೆಯಲ್ಲಿ ಕೈಗೆ ಸಿಕ್ಕ ಒಣ ಕಟ್ಟಿಗೆಯೆಂದು ಅದನ್ನೇ ಒಲೆಗೆ ತುರುಕಿದ್ದರು. ಕಾಡು ಕಾಯುವ ಕೋಲು ಮೊಮ್ಮಗಳ ಸ್ನಾನಕ್ಕೆ ನೀರಾಗಿತ್ತು! ಇಡೀ ಊರಿಗೆ ಕಟ್ಟಳೆ ಹೇಳಿದವರು, ಸ್ವಂತ ಮೈದುನ ಒಂದು ಹಸಿ ಕೊಂಬೆ ಮುರಿದನೆಂದು ಸಭೆಯಲ್ಲಿ ನಿಲ್ಲಿಸಿದವರು. ಈಗ ಎಲ್ಲಿಗೆ ಹೋದರು? ಅಂಥದೇ ಇನ್ನೊಂದು ಕೋಲು ತರಲು. ಅಂಥ ಗಟ್ಟಿ ಮರ ಇರುವುದು ಒಂದೇ ಕಡೆ.

ಓಡಿ ಅಂಗಳಕ್ಕೆ ಬಂದೆ. ರಾತೋ ಭೀರ್ ಮೇಲೆ ಕೆಂಪು ಚುಕ್ಕೆ.

ಅತ್ತೆಯ ಶಾಲೂ ಕೆಂಪೇ. ಚುಕ್ಕೆ ಮೆಲ್ಲನೆ ಹೋಗುತ್ತಿತ್ತು. ನೀನು ಬಿದ್ದ ಜಾಗಕ್ಕೆ ಬಂದು ನಿಂತಿತು. ನಿಂತೇ ಇತ್ತು. ನನಗೆ ಕೂಗಲೂ ಆಗಲಿಲ್ಲ. ಕೂಗಿದರೆ ಅಷ್ಟು ದೂರಕ್ಕೆ ಕೇಳುವುದಿಲ್ಲ, ಕೇಳಿದರೆ ಕಾಲು ತಪ್ಪುತ್ತದೆ. ಹಿಂದಿನಿಂದ ಕೂಸು ಅಳುತ್ತಿತ್ತು. ಚುಕ್ಕೆ ಬಂಡೆಯ ಹಿಂದೆ ಹೋಯಿತು, ಮತ್ತೆ ಕಾಣಲಿಲ್ಲ. ಅಲ್ಲಿರುವುದು ಅತ್ತೆಯೋ ನೀನೋ ಎಂದು ತಿಳಿಯಲಿಲ್ಲ. ಯಾರಾದರೂ ಒಂದೇ, ಆಮಾ. ಇಬ್ಬರೂ ನನ್ನವರೇ.

ಬಾಣಂತಿ ಅಂಗಳ ದಾಟಬಾರದು, ಗಾಳಿಗೆ ಹೋಗಬಾರದು, ಎಲ್ಲ ಮರೆತುಹೋಯಿತು. ಕೂಸನ್ನು ಎದೆಗೆ ಕಟ್ಟಿಕೊಂಡು ಸೇತುವೆಯ ಕಡೆ ಓಡಿದೆ. ಸೇತುವೆಗೆ ಇಳಿಯುವ ದಾರಿ ಉತ್ತಿಸ್ ಕಾಡಿನ ನಡುವೆಯೇ ಹೋಗುತ್ತದೆ. ಅರ್ಧ ಇಳಿದಿರಬೇಕು, ಮರಗಳ ನಡುವಿನಿಂದ ಯಾರೋ ಹೊಟ್ಟೆ ಹಿಡಿದುಕೊಂಡು ನಗುವ ಸದ್ದು.

"ಇದೇನತ್ತಿಗೆ, ಇವತ್ತು ಕಳ್ಳರನ್ನ ಊದಿ ಓಡಿಸ್ತೀಯಾ?"

ಗೋಮಾ ದೀದಿಯ ದನಿ. ಕಾಡಿನ ಸಮಿತಿಗೆ ಅವಳೇ ಅಧ್ಯಕ್ಷೆ. ನೇಪಾಳದ ಯಾವ ಮಂತ್ರಿಗೂ ಹೆದರುವವಳಲ್ಲ. ಅವಳ ಪಕ್ಕದಲ್ಲಿ ಸೈಂಲಿ ಕಾಕಿ, ನಮ್ಮ ಪಕ್ಕದ ಮನೆಯವಳು. ಇಬ್ಬರೆದುರು, ದೊಡ್ಡ ಮರವೊಂದಕ್ಕೆ ಬೆನ್ನು ಕೊಟ್ಟು ನಮ್ಮ ಅತ್ತೆ ನೆಟ್ಟಗೆ ನಿಂತಿದ್ದರು. ಕೈಯಲ್ಲಿ ಒಲೆ ಊದುವ ಊದುಗೊಳವೆ!

ನಾನು ಹೋಗಿ ಅವರನ್ನು ತಬ್ಬಿಕೊಂಡೆ. ಕೂಸು ನಮ್ಮಿಬ್ಬರ ನಡುವೆ ಸಿಕ್ಕಿ ಕಿರುಚಿತು.

"ಅಯ್ಯೋ ಇವಳ! ಬಾಣಂತಿ ಬರಿ ಕಿವೀಲಿ ಬಂದಿದಾಳೆ! ಕಟ್ಟೇ ತಲೆಗೆ, ಕಟ್ಟು" ಎಂದು ಅತ್ತೆ ತಮ್ಮ ಶಾಲು ತೆಗೆದು ನನ್ನ ತಲೆಗೆ ಸುತ್ತಿದರು. "ಏನಾಯ್ತು? ಕೂಸಿಗೇನಾಯ್ತು?"

"ನೀವು ಭೀರ್‌ಗೆ ಹೋದಿರಿ ಅಂದ್ಕೊಂಡೆ. ಕೋಲು ತರೋಕೆ. ಅಲ್ಲಿ ಕೆಂಪು ಶಾಲು..."

ಅತ್ತೆ ಮರಗಳ ಸಂದಿಯಿಂದ ನದಿಯಾಚೆ ನೋಡಿದರು. "ಹೋಗ್ಬೇಕು ಅಂತಾನೇ ಹೊರಟಿದ್ದೆ. ಪಾಳಿ ಬಿಟ್ಟು ಹೆಂಗೆ ಹೋಗ್ಲಿ ಅಂತ ಇಲ್ಲೇ ನಿಂತೆ. ಅಲ್ಲಿ ಹೋದದ್ದು ನಿನ್ನ ಆಮಾ ಕಣೇ. ಈಗಷ್ಟೇ ಬಂಡೆ ದಾಟಿ ಮೇಲೆ ಹತ್ತಿದ್ಲು. ನಾನೂ ನೋಡ್ದೆ."

ನಾನು ಅವರ ಮುಖವನ್ನೇ ನೋಡಿದೆ.

"ದಿನಾ ನೋಡ್ತೀನಿ" ಎಂದರು. "ನೀನೊಬ್ಬಳೇ ನೋಡೋದು ಅಂದ್ಕೊಂಡಿಯಾ? ನೀನು ಅಂಗಳದಲ್ಲಿ ನಿಂತು ನೋಡ್ತೀ, ನಾನು ದನದ ಕೊಟ್ಟಿಗೆಯಿಂದ ನೋಡ್ತೀನಿ. ಅವಳು ಇಳಿದಮೇಲೇ ನಾನು ಹಾಲು ಕರೆಯೋದು."

ಆಮಾ, ಇದನ್ನು ಓದಿದ ಮೇಲೆ ಬೇಕಾದರೆ ಸ್ವಲ್ಪ ಹೊತ್ತು ಕಾಗದ ಕೆಳಗಿಡು. ನಾನೂ ಪೆನ್ನು ಕೆಳಗಿಟ್ಟಿದ್ದೆ.

ಆಮೇಲೆ ಅತ್ತೆ ಊದುಗೊಳವೆಯನ್ನು ಗೋಮಾ ದೀದಿಯ ಕೈಗೆ ಕೊಟ್ಟು, "ಕೋಲು ಸುಟ್ಟೆ. ನಾನೇ ಸುಟ್ಟೆ. ನಮ್ಮನೆ ಪಾಲು ರದ್ದು ಮಾಡು" ಎಂದರು. ಅಷ್ಟೇ. ಕತ್ತಲಿತ್ತು, ಕೂಸಿಗೆ ಚಳಿಯಿತ್ತು, ಒಂದೂ ಹೇಳಲಿಲ್ಲ. ನಾನು ಏನೋ ಹೇಳಲು ಬಾಯಿ ತೆರೆದರೆ ಕಣ್ಣಲ್ಲೇ ಗದರಿದರು.

ಸೈಂಲಿ ಕಾಕಿ ಕೆನ್ನೆಗೆ ಕೈ ಹಚ್ಚಿ, "ಶಿವ ಶಿವ! ಊರ ಕೋಲನ್ನೇ ಬೇಯಿಸಿದ್ಲು! ಗೋಮಾ, ಇನ್ನು ಕಾಡು ಕಾಯೋದು ಹೆಂಗೆ?" ಎಂದಳು.

ಗೋಮಾ ದೀದಿ ಊದುಗೊಳವೆಯನ್ನು ಹೆಗಲಿಗಿಟ್ಟು ಬಂದೂಕಿನ ಹಾಗೆ ಹಿಡಿದು ನೋಡಿದಳು. ಆಮೇಲೆ ಕೇಳಿದಳು: "ಅತ್ತಿಗೆ, ಆ ಕೋಲು ಎಲ್ಲಿಂದ ತಂದಿದ್ವಿ, ನೆನಪಿದೆಯಾ?"

"ರಾತೋ ಭೀರ್‌ನಿಂದ. ಇನ್ನೆಲ್ಲಿಂದ? ಆಗ ಇಲ್ಲಿ ಹಲ್ಲು ಚುಚ್ಚೋಕೂ ಒಂದು ಕಡ್ಡಿ ಇರಲಿಲ್ಲ."

"ಈಗ?"

ಅತ್ತೆ ತಲೆಯೆತ್ತಿದರು. ನಾನೂ ಎತ್ತಿದೆ. ಮೂರು ವರ್ಷದಿಂದ ಆ ದಾರಿಯಲ್ಲಿ ಓಡಾಡಿದವಳು, ಆ ಕಾಡನ್ನು ತಲೆಯೆತ್ತಿ ನೋಡಿರಲೇ ಇಲ್ಲ. ನನ್ನ ಕಣ್ಣು ಯಾವಾಗಲೂ ನದಿಯಾಚೆಗೆ. ಬೂದು ಬಣ್ಣದ ನೆಟ್ಟನೆಯ ಮರಗಳು, ಎಲೆ ಉದುರಿದ ತುದಿಗಳಲ್ಲಿ ಸಣ್ಣ ಸಣ್ಣ ಕಾಯಿ, ಅವುಗಳ ಆಚೆ ಬಿಸಿಲು. ಅತ್ತೆ ಬೆನ್ನು ಕೊಟ್ಟು ನಿಂತಿದ್ದ ಮರವನ್ನು ಬಳಸಿ ಹಿಡಿಯಲು ನನ್ನ ಎರಡೂ ತೋಳು ಬೇಕಾಗುತ್ತಿದ್ದವು. ಗುಡ್ಡ ಜಾರಿದ ಗಾಯದ ಮೇಲೆ ನಾನು ನಿಂತಿದ್ದೇನೆಂದು ನೆಲ ನೋಡಿದರೆ ಗೊತ್ತಾಗುತ್ತಿರಲಿಲ್ಲ.

ಗೋಮಾ ದೀದಿ ಒಂದು ಎಳೆ ಮರದಿಂದ ನೆಟ್ಟನೆಯ ಕೊಂಬೆ ಆರಿಸಿ ಕುಡುಗೋಲಿನಿಂದ ಕಡಿದಳು. ಸೈಂಲಿ ಕಾಕಿ ಕೈಯಲ್ಲಿ ತೂಗಿ ನೋಡಿ ಮೂತಿ ತಿರುವಿದಳು. "ಉತ್ತಿಸ್ ಕೋಲು, ಹತ್ತಿ ಹಂಗೆ ಹಗುರ. ಇದ್ರಲ್ಲಿ ಹೊಡೆದ್ರೆ ಕಳ್ಳನಿಗೆ ನೋವೂ ಆಗಲ್ಲ."

"ನೋವು ಯಾಕೆ? ನಾಚಿಕೆ ಆದ್ರೆ ಸಾಕು" ಎಂದಳು ಗೋಮಾ ದೀದಿ. ಬೂದಿಯಲ್ಲಿ ಸಿಕ್ಕ ಬಳೆಯನ್ನು ಆ ಸಂಜೆ ನಾನೇ ತೊಳೆದು ಕೊಟ್ಟೆ. ಅದನ್ನು ಹೊಸ ಕೋಲಿನ ಬುಡಕ್ಕೆ ಹೊಡೆದು ಕೂರಿಸಿದರು.

ಪಾಲಿನ ಮಾತು ಮಾತ್ರ ಸಭೆಗೆ ಹೋಯಿತು. ಕಟ್ಟಿಗೆ ಹಂಚುವ ದಿನ ಇಡೀ ಊರು ಕಾಡಿನ ಅಂಚಿನಲ್ಲಿ ಕೂತಿತ್ತು. ಮನೆಗೊಂದು ರಾಶಿ, ಸಾಲಾಗಿ. ಅಷ್ಟು ಕಟ್ಟಿಗೆಯನ್ನು ಒಟ್ಟಿಗೆ ನಾನು ಮದುವೆ ಮನೆಗಳಲ್ಲೂ ನೋಡಿರಲಿಲ್ಲ. ನಮ್ಮ ಪಾಲು ರದ್ದು ಮಾಡುವುದು ಬೇಡ, ವಯಸ್ಸಾದವರು, ಗೊತ್ತಿಲ್ಲದೆ ಆಯಿತು ಎಂದು ನಾಲ್ಕಾರು ಜನ ಹೇಳಿದರು. ಅತ್ತೆ ಎದ್ದು ನಿಂತರು.

"ಮೈದುನನಿಗೆ ಒಂದು ಕಟ್ಟಳೆ, ನಂಗೊಂದಾ? ಪಾಲು ಬೇಡ ನಂಗೆ. ಬಾಣಂತಿ ಮನೆಗೆ ಅಂತ ಹೆಚ್ಚಿನ ಹೊರೆ ಕೊಡ್ತೀರಲ್ಲ, ಅದು ಸಾಕು. ಸೊಸೆ, ಮೊಮ್ಮಗಳು ತವರಿಗೆ ಹೋದ್ಮೇಲೆ ಒಬ್ಬಳು ಮುದುಕಿ ಎಷ್ಟು ಉರಿಸ್ತೀನಿ? ಆದ್ರೆ ನಾನು ಬಿಟ್ಟ ಪಾಲು ಎಲ್ಲಿಗೆ ಹೋಗ್ಬೇಕು ಅನ್ನೋದು ನಾನು ಹೇಳ್ತೀನಿ. ನದಿಯಾಚೆ ಹೋಗ್ಲಿ. ನನ್ನ ಸಂಬಂಧಿ ಮನೆಗೆ."

ಸಂಬಂಧಿ ಎಂದರೆ ನೀನು, ಆಮಾ.

ಗಂಡಸರ ಕಡೆಯಿಂದ ಗುಜುಗುಜು ಎದ್ದಿತು. ಕಾಡಿನ ಕಟ್ಟಿಗೆ ಊರ ಗಡಿ ದಾಟಬಾರದೆಂದು ಇನ್ನೊಂದು ಕಟ್ಟಳೆ ಇದೆ. ಅತ್ತೆಯ ಮೈದುನ, ಅದೇ ಕೊಂಬೆಯವರು, ಇದೇ ಹೊತ್ತೆಂದು ಎದ್ದು, "ಇವತ್ತು ಒಂದು ಮನೆಗೆ ಕೊಟ್ರೆ ನಾಳೆ ಜಿಲ್ಲೆಗೇ ಕೊಡ್ಬೇಕಾಗತ್ತೆ" ಎಂದರು.

ಗೋಮಾ ದೀದಿ ಹೊಸ ಕೋಲನ್ನು ನೆಲಕ್ಕೆ ಒಮ್ಮೆ ಕುಟ್ಟಿದಳು. "ಬಾಣಂತಿ ತವರಿಗೆ ಹೋಗುವಾಗ ಕೈಗೆ ಕೋಸೇಲಿ ಉಡುಗೊರೆ ಇಲ್ದೆ ಕಳಿಸೋ ಊರಾ ನಮ್ಮದು? ಒಬ್ರು ಸೇಲ್ ರೊಟ್ಟಿ ಕಳಿಸ್ತಾರೆ, ಒಬ್ರು ಮಾಂಸ ಕಳಿಸ್ತಾರೆ. ನಾವು ಬೆಂಕಿ ಕಳಿಸ್ತೀವಿ. ಯಾರಪ್ಪಾ ಅಡ್ಡ ಬರೋರು, ಕೈ ಎತ್ತಿ. ನಿಮ್ಮ ಹೆಣ್ಣುಮಕ್ಕಳು ತವರಿಗೆ ಬಂದಾಗ ನೆನಪಿಟ್ಟುಕೊಳ್ತೀನಿ."

ಯಾರೂ ಎತ್ತಲಿಲ್ಲ. ಆ ಮೈದುನ ಎತ್ತಲು ಹೋದ ಕೈಯಲ್ಲಿ ಟೋಪಿ ಸರಿಮಾಡಿಕೊಂಡರು. ಇಡೀ ಸಭೆ ನಕ್ಕಿತು, ಅವರೂ ನಕ್ಕರು.

ಆ ದಿನ ಮನೆಗೆ ಬಂದವಳು ಕೂಸನ್ನು ಪಕ್ಕದಲ್ಲಿ ಮಲಗಿಸಿಕೊಂಡೆ. ಉಸಿರು ನೋಡಬೇಕೆಂದು ಬೆರಳು ಚಾಚಿದ್ದು ನೆನಪಿದೆ, ಮುಟ್ಟಿದ್ದು ನೆನಪಿಲ್ಲ. ಎದ್ದಾಗ ಮರುದಿನದ ಹೊತ್ತು ಮಧ್ಯಾಹ್ನಕ್ಕೆ ಏರಿತ್ತು. ನಡುವೆ ಕೂಸು ಹಾಲಿಗೆ ಅತ್ತಾಗ ಅತ್ತೆಯೇ ತಂದು ನನ್ನ ಮಗ್ಗುಲಿಗೆ ಹಿಡಿದು ಕುಡಿಸಿದರಂತೆ, ನನಗೆ ಎಚ್ಚರವೇ ಆಗಲಿಲ್ಲವಂತೆ. "ಹೆಣದ ಹಂಗೆ ಮಲಗಿದ್ದೆ ಕಣೇ" ಎಂದು ಅತ್ತೆ ನಕ್ಕರು. ಎಷ್ಟು ಹಗುರಾಗಿದ್ದೆ ಎಂದರೆ, ಮೈಯಿಂದ ಯಾರೋ ನಾಮ್ಲೋ ಬಿಚ್ಚಿದ ಹಾಗೆ.

ಈಗ ಶುಕ್ರವಾರದ ಮಾತು. ಮಗಳ ಮನೆಯದನ್ನು ಹೇಗೆ ಮುಟ್ಟಲಿ ಎಂದು ತಕರಾರು ತೆಗೆಯಬೇಡ. ಇದು ಅನ್ನವಲ್ಲ. ಬಾಣಂತಿ ತನ್ನ ಬೆಂಕಿಯನ್ನು ತಾನೇ ತರುತ್ತಿದ್ದಾಳೆ, ನೀನು ಅದರ ಮುಂದೆ ಕೂತು ಮೊಣಕಾಲು ಕಾಯಿಸಿಕೊಂಡರೆ ಯಾವ ಪಾಪವೂ ಬರುವುದಿಲ್ಲ. ಕೊಟ್ಟಿಗೆಯ ಮಾಡಿನ ಕೆಳಗೆ ಜಾಗ ಮಾಡಿಡು. ನಿಮ್ಮೂರಿನ ಹೆಂಗಸರನ್ನೂ ಅಂಗಳಕ್ಕೆ ಕರೆದಿರು. ಗೋಮಾ ದೀದಿ ಒಂದು ಡೋಕೋ ತುಂಬ ಉತ್ತಿಸ್ ಸಸಿ ತರುತ್ತಾಳೆ. ಜಾಗ ಯಾರದೆಂದು ಜಗಳ ಕಾಯುವವರಿದ್ದರೆ ಅವಳ ಹತ್ತಿರ ಕಾಯಲಿ, ಅವಳಿಗೆ ಅದು ಇಷ್ಟ. ನೀವು ನೆಟ್ಟ ಸಸಿ ನಿಮ್ಮ ಒಲೆಗೆ ಬರುವ ತನಕ ಏನು ಮಾಡುವುದೆಂದು ಇನ್ನೂ ಗೊತ್ತಿಲ್ಲ. ನನ್ನ ಚಿಂತೆ ಪೂರ್ತಿ ಹೋಗಿಲ್ಲ, ಆಮಾ. ಈ ಚಳಿಗಾಲದ್ದು ಹೋಗಿದೆ. ಮುಂದಿನದಕ್ಕೆ ಈಗ ನೋಡುವವರು ಇಬ್ಬರಿದ್ದೇವೆ, ಅತ್ತೆ ಮತ್ತು ನಾನು.

ಆ ದಿನ ರಾತೋ ಭೀರ್‌ಗೆ ಹೋಗಬೇಡ. ಬೆಳಿಗ್ಗೆ ಬಿಸಿಲು ಬಂದಮೇಲೆ ಅಂಗಳದ ಕಟ್ಟೆಯ ಮೇಲೆ, ನಾನು ಅವತ್ತು ಕೂತಿದ್ದ ಜಾಗದಲ್ಲಿ ಕೂತು ಸೇತುವೆಯ ಕಡೆ ನೋಡು. ಸೇತುವೆಯ ಮೇಲೆ ಹೆಂಗಸರ ಸಾಲು ಕಾಣುತ್ತದೆ. ಈ ಸಲ ನೀನು ಎಣಿಸು. ಎಲ್ಲರ ಡೋಕೋ ಬರುತ್ತವೆ. ಒಂದೂ ತಪ್ಪುವುದಿಲ್ಲ. ಎಲ್ಲಕ್ಕಿಂತ ಹಿಂದೆ, ಮೆಲ್ಲನೆ, ಅತ್ತೆಯ ಕೆಂಪು ಶಾಲು. ಆ ಡೋಕೋದಲ್ಲಿ ಕಟ್ಟಿಗೆ ಇಲ್ಲವಲ್ಲ ಎಂದು ಗಾಬರಿಯಾಗಬೇಡ. ಅದರೊಳಗೆ ಕಂಬಳಿ ಹಾಸಿ ನಿನ್ನ ಮೊಮ್ಮಗಳನ್ನು ಮಲಗಿಸಿರುತ್ತೇನೆ.

ನಿನ್ನ ಒಲೆ ತಣ್ಣಗಾಗದಿರಲಿ, ನಿನ್ನ ಕಾಲು ಗಟ್ಟಿ ನೆಲದ ಮೇಲಿರಲಿ.

ಬರುತ್ತಿದ್ದೇನೆ,
ನಿನ್ನ ಜುನು